ಎರಡು ಸಿನಿಮಾಗಳ ನಡುವೆ

ಮೊದಲ ದಿನ ಸೆಟ್‌ಗೆ ಹೋದಾಗ ನನ್ನ ಕೈಗೆ ಕ್ಲಾಪ್ ಬೋರ್ಡ್ ಕೊಟ್ಟರು. ಸೀನ್ ನಂಬರ್, ಶಾಟ್ ನಂಬರ್, ಟೇಕ್ ನಂಬರ್ ಬರೆಯಬೇಕು, ಕೂಗಿ ಹೇಳಬೇಕು, ಹೊಡೆಯಬೇಕು, ಪಕ್ಕಕ್ಕೆ ಸರಿಯಬೇಕು. ಇಷ್ಟೇ ಅಲ್ವಾ ಅಂದುಕೊಂಡಿದ್ದೆ.

ಮೊದಲ ಶಾಟ್ ಕ್ಲೋಸಪ್. ನಾಯಕಿ ಅಳಬೇಕಿತ್ತು. ಹತ್ತು ನಿಮಿಷದಿಂದ ಕಣ್ಣು ಮುಚ್ಚಿ ಕೂತು ಅದಕ್ಕೆ ತಯಾರಾಗುತ್ತಿದ್ದರು. ನಾನು ಅವರ ಮುಖದಿಂದ ಒಂದು ಗೇಣು ದೂರದಲ್ಲಿ ಬೋರ್ಡ್ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಹೊಡೆದೆ. ಅವರು ಬೆಚ್ಚಿಬಿದ್ದರು. ಕಣ್ಣಂಚಿಗೆ ಬಂದಿದ್ದ ನೀರು ಅಲ್ಲೇ ಇಂಗಿಹೋಯಿತು.

ಯಾರೂ ಬೈಯಲಿಲ್ಲ. ಕ್ಯಾಮೆರಾ ಅಸಿಸ್ಟೆಂಟ್ ಒಬ್ಬರು ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಕ್ಲೋಸಪ್‌ನಲ್ಲಿ ಮೆತ್ತಗೆ ತಟ್ಟು. ಎರಡು ಪಟ್ಟಿ ಸೇರೋದು ಕಾಣ್ಬೇಕು, ಟಕ್ ಅನ್ನೋದು ಕೇಳ್ಬೇಕು. ಅಷ್ಟು ಸಾಕು. ಇನ್ನೊಂದು ವಿಷ್ಯ, ಹೊಡೆಯೋಕೆ ಮುಂಚೆನೇ ಎಲ್ಲಿಗೆ ಸರೀಬೇಕು ಅಂತ ನೋಡಿಟ್ಕೊ."

ಆ ಟಕ್ ಯಾಕೆ ಬೇಕು ಅನ್ನುವುದೂ ಆವತ್ತೇ ಗೊತ್ತಾಯಿತು. ಚಿತ್ರ ಒಂದು ಕಡೆ, ಧ್ವನಿ ಇನ್ನೊಂದು ಕಡೆ ರೆಕಾರ್ಡ್ ಆಗುತ್ತದೆ. ಪಟ್ಟಿಗಳು ಸೇರುವ ಫ್ರೇಮನ್ನೂ ಆ ಸದ್ದನ್ನೂ ಒಂದಕ್ಕೊಂದು ಹೊಂದಿಸಿದರೆ ಮಾತು ತುಟಿಗೆ ಕೂರುತ್ತದೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಎರಡು ಮೂರು ಫ್ರೇಮ್ ಆಚೀಚೆ ಆದರೂ ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಈಗ ಚಿತ್ರಕ್ಕೂ ಧ್ವನಿಗೂ ಒಂದೇ ಸಮಯದ ಗುರುತು ಹಾಕುವ ಟೈಮ್‌ಕೋಡ್ ಬಂದಿದೆ, ಸಾಫ್ಟ್‌ವೇರ್ ತಾನೇ ಹೊಂದಿಸುತ್ತದೆ. ಆದರೂ ಬೋರ್ಡ್ ಹೋಗಿಲ್ಲ. ಏನಾದರೂ ಕೈಕೊಟ್ಟಾಗ ಎಲ್ಲರೂ ಹುಡುಕುವುದು ಅದನ್ನೇ.

ಮುಂದೆ ದೊಡ್ಡ ನಿರ್ದೇಶಕರಾದ ಡೇವಿಡ್ ಲೀನ್ 1927ರಲ್ಲಿ ಬ್ರಿಟನ್ನಿನ ಒಂದು ಸ್ಟುಡಿಯೋ ಸೇರಿದಾಗ ಚಹಾ ತಂದುಕೊಡುತ್ತಿದ್ದರು, ಕ್ಲಾಪ್ ಹೊಡೆಯುತ್ತಿದ್ದರು. ಆಮೇಲೆ ಎಡಿಟಿಂಗ್ ಕೋಣೆಗೆ ಹೋದರು, ಒಳ್ಳೆಯ ಎಡಿಟರ್ ಅಂತ ಹೆಸರು ಮಾಡಿದರು. ನಿರ್ದೇಶಕರ ಜಾಗದಲ್ಲಿ ಅವರ ಹೆಸರು ಬಂದದ್ದು 1942ರಲ್ಲಿ, ಅದೂ ಇನ್ನೊಬ್ಬರ ಜೊತೆ ಸೇರಿ. ಹದಿನೈದು ವರ್ಷ. ಶುರುವಿನಲ್ಲಿ ಇದನ್ನು ಓದಿದಾಗ ನನಗೆ ಧೈರ್ಯ ಬಂದಿತ್ತು. ಈಗ ಓದಿದರೆ ಬೇರೆ ಪ್ರಶ್ನೆ ಬರುತ್ತದೆ. ಆ ಹದಿನೈದು ವರ್ಷವೂ ಅವರ ಕೈಯಲ್ಲಿ ಕೆಲಸ ಇತ್ತಲ್ಲ? ಅದು ಎಲ್ಲರಿಗೂ ಸಿಗುವುದಿಲ್ಲ.

ಈ ಬರಹ ಅದರ ಬಗ್ಗೆಯೇ. ಶೂಟಿಂಗ್ ದಿನಗಳ ಕಷ್ಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಿದ್ದೆ ಇಲ್ಲ, 12 ಗಂಟೆ ನಿಂತೇ ಇರಬೇಕು, ಬಿಸಿಲು, ಮಳೆ. ನಿಜ ಹೇಳಬೇಕೆಂದರೆ ಆ ಕಷ್ಟ ಹೇಗೋ ಕಳೆಯುತ್ತದೆ. ಸುತ್ತ ನೂರು ಜನ ಇರುತ್ತಾರೆ, ಮಾಡಲು ಕೆಲಸ ಇರುತ್ತದೆ. ಕಳೆಯದೇ ಇರುವುದು ಪ್ಯಾಕಪ್ ಆದ ಮೇಲಿನ ದಿನಗಳು. ಒಂದು ಸಿನಿಮಾ ಮುಗಿದು ಇನ್ನೊಂದು ಸಿಗುವವರೆಗಿನ ದಿನಗಳು. ಈ ರಂಗದಲ್ಲಿ ಉಳಿಯುವುದು, ಬಿಡುವುದು ಎರಡೂ ತೀರ್ಮಾನ ಆಗುವುದು ಅಲ್ಲೇ.

ಅದಕ್ಕೆ ಮೊದಲು ಸೇರುವ ಮಾತು. ಹೊಸಬರು ನನಗೆ ಕಳಿಸುವ ಮೆಸೇಜ್‌ಗಳಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: "ಏನು ಕೆಲಸ ಕೊಟ್ಟರೂ ಮಾಡ್ತೀನಿ ಸರ್." ನಾನೂ ಹೀಗೇ ಬರೆದವನು, ಆ ಸಾಲಿನ ಹಿಂದಿನ ಆಸೆ ನನಗೆ ಚೆನ್ನಾಗಿ ಗೊತ್ತು. ಆದರೆ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅವರ ತಲೆಯಲ್ಲಿ ಆ ಹೊತ್ತಿಗೆ ಒಂದು ಖಾಲಿ ಜಾಗ ಇರುತ್ತದೆ. ಆರ್ಟ್ ಡಿಪಾರ್ಟ್‌ಮೆಂಟ್‌ಗೆ ಒಬ್ಬರು ಬೇಕು, ಫುಟೇಜ್ ಕಾಪಿ ಮಾಡಿ ಲೆಕ್ಕ ಇಡಲು ಒಬ್ಬರು ಬೇಕು, ಹೀಗೆ. "ಕಾಸ್ಟ್ಯೂಮ್ ಪಟ್ಟಿ ಮಾಡೋದು ಗೊತ್ತು, ಇದು ನಾನು ಒಂದು ಕಿರುಚಿತ್ರಕ್ಕೆ ಮಾಡಿದ್ದು" ಅಂತ ಒಂದು ಹಾಳೆ ಕಳಿಸಿದವರು ಆ ಜಾಗದಲ್ಲಿ ಹೋಗಿ ಕೂರುತ್ತಾರೆ.

ನಿರ್ದೇಶನವೇ ಗುರಿಯಾದರೂ ಮೊದಲು ಒಂದು ವಿಭಾಗದ ಕೆಲಸವನ್ನು ಬುಡದಿಂದ ಕಲಿಯಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ ಚಿತ್ರಕಾರ ಆಗಬೇಕು ಅಂತ ಹೊರಟವರು. ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿ 1936ರಲ್ಲಿ ಸಹಾಯಕ ನಿರ್ದೇಶಕರಾದರು. ಅವರ ಗುರು ಕಾಜಿರೊ ಯಮಾಮೋಟೊ ಚಿತ್ರಕಥೆ ಬರೆಯಲು ಹಚ್ಚಿದರು, ಎಡಿಟಿಂಗ್ ಕಲಿಸಿದರು. ಕುರೊಸಾವಾ ಅವರ ಮೊದಲ ಸಿನಿಮಾ ಬಂದದ್ದು 1943ರಲ್ಲಿ. ನಡುವಿನ ಏಳು ವರ್ಷ ಅವರು ಬರೀ ಕಾಯುತ್ತಾ ಕೂರಲಿಲ್ಲ. ಬರೆದರು, ಕತ್ತರಿಸಿದರು, ಜೋಡಿಸಿದರು.

ನನ್ನ ಪಾಲಿಗೆ ಬಂದದ್ದು ಕಂಟಿನ್ಯುಟಿ. ಹೊರಗಿನವರಿಗೆ ಇದೊಂದು ಕೆಲಸ ಇದೆ ಅಂತಲೇ ಗೊತ್ತಿರುವುದಿಲ್ಲ. ಸಿನಿಮಾವನ್ನು ಕಥೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ. ಒಬ್ಬ ಮನುಷ್ಯ ಬಾಗಿಲು ತಳ್ಳಿ ಮನೆಯೊಳಗೆ ಬರುತ್ತಾನೆ ಅಂತಿಟ್ಟುಕೊಳ್ಳಿ. ಹೊರಗಿನ ಶಾಟ್ ಮೊದಲ ವಾರ ಒಂದು ಬೀದಿಯಲ್ಲಿ. ಒಳಗಿನದು ಐದನೇ ವಾರ, ಬೇರೆಲ್ಲೋ ಹಾಕಿದ ಸೆಟ್‌ನಲ್ಲಿ. ತೆರೆಯ ಮೇಲೆ ನಡುವೆ ಒಂದು ಕ್ಷಣವೂ ಇಲ್ಲ. ಹಾಗಾಗಿ ಆ ಐದು ವಾರವನ್ನು ಯಾರಾದರೂ ಅಳಿಸಿಹಾಕಬೇಕು. ಚೀಲ ಯಾವ ಹೆಗಲಿನಲ್ಲಿತ್ತು? ಕೂದಲು ಎಷ್ಟು ಒದ್ದೆ? ಗಡಿಯಾರದಲ್ಲಿ ಗಂಟೆ ಎಷ್ಟು? ಲೋಟದಲ್ಲಿ ನೀರು ಎಲ್ಲಿಯವರೆಗೆ? ಮಾತಿನ ಯಾವ ಪದಕ್ಕೆ ಲೋಟ ಎತ್ತಿದರು, ಯಾವ ಕೈಯಲ್ಲಿ? ಇದನ್ನೆಲ್ಲ ಬರೆಯಬೇಕು, ಫೋಟೋ ತೆಗೆಯಬೇಕು, ಕೇಳಿದ ತಕ್ಷಣ ಹೇಳಬೇಕು.

ಆ ಮೊದಲ ಸಿನಿಮಾದಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದು ಜಗಳದ ದೃಶ್ಯ. ನಟರೊಬ್ಬರ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ನಾನು ಪುಸ್ತಕದಲ್ಲಿ "ತೋಳು ಮಡಚಿದೆ" ಅಂತ ಬರೆದೆ. ಎಷ್ಟು ಮಡಿಕೆ ಅಂತ ಬರೆಯಲಿಲ್ಲ. ಫೋಟೋ ಇನ್ನೊಂದು ಪಕ್ಕದಿಂದ ತೆಗೆದಿದ್ದೆ. ಮೂರು ವಾರ ಬಿಟ್ಟು ಅದೇ ದೃಶ್ಯದ ಕ್ಲೋಸಪ್ ತೆಗೆದಾಗ ತೋಳು ಎರಡು ಮಡಿಕೆ ಕೆಳಗಿತ್ತು. ಸೆಟ್‌ನಲ್ಲಿ ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಎಡಿಟಿಂಗ್ ಕೋಣೆಯಲ್ಲಿ ಕಂಡಿತು. ಸಾಮಾನ್ಯವಾಗಿ ಎಡಿಟರ್‌ಗಳು ಭಾವಕ್ಕೇ ಮೊದಲ ಮಣೆ ಹಾಕುತ್ತಾರೆ. ನಟನೆ ಚೆನ್ನಾಗಿದ್ದರೆ ಜನ ತೋಳು ನೋಡುವುದಿಲ್ಲ ಅಂತ ಅವರಿಗೆ ಗೊತ್ತು. ಆದರೆ ಆ ಟೇಕ್‌ನಲ್ಲಿ ನಟರು ಮಾತಿನ ಮಧ್ಯೆ ತಡೆಯಲಾಗದೆ ಅದೇ ಕೈಯಿಂದ ಮುಖ ಒರೆಸಿಕೊಂಡಿದ್ದರು. ತೋಳು ಫ್ರೇಮಿನ ನಟ್ಟನಡುವೆ. ಅಷ್ಟೂ ಟೇಕ್‌ಗಳಲ್ಲಿ ಅದೇ ಚೆನ್ನಾಗಿತ್ತು. ಎಡಿಟರ್ ಎರಡು ಸಲ ಹಾಕಿ ನೋಡಿದರು, ಹಿಂದಕ್ಕೆ ತಂದು ಮತ್ತೊಮ್ಮೆ ನೋಡಿದರು. ಕೊನೆಗೆ ದೂರದ ಶಾಟ್ ಬಳಸಿದರು. ಅದರಲ್ಲಿ ನಟರ ಬೆನ್ನು ಕಾಣುತ್ತದೆ. ನಾನು ಒಂದು ಅಂಕಿ ಬರೆಯದೆ ಬಿಟ್ಟದ್ದಕ್ಕೆ ಒಬ್ಬ ಮನುಷ್ಯ ಮನಸ್ಸು ಬಿಚ್ಚಿ ಮಾಡಿದ ಕೆಲಸ ಯಾರಿಗೂ ಕಾಣದೆ ಹೋಯಿತು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಆದರೆ ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿದ್ದು ಅದೇ ಕೋಣೆಯಲ್ಲಿ.

ಆ ಸಿನಿಮಾ ಮುಗಿಯಿತು. ಟೈಟಲ್ ಕಾರ್ಡ್‌ನಲ್ಲಿ ಹೆಸರು ಬಂತು. ಇನ್ನು ಫೋನ್ ಮೇಲೆ ಫೋನ್ ಬರುತ್ತದೆ ಅಂದುಕೊಂಡೆ. ಬರಲಿಲ್ಲ.

ನಾನು ಅಕ್ಕನ ಮನೆಯಲ್ಲಿದ್ದೆ. ಅಕ್ಕ ಕೆಲಸಕ್ಕೆ ಹೋಗುತ್ತಿದ್ದಳು. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಕೇಳಿದಳು, "ಏನು ಮಾಡ್ಬೇಕು ಅಂತಿದೀಯ?" ಸಿನಿಮಾನೇ ಅಂದೆ. "ಅದು ಗೊತ್ತು ಕಣೋ. ಎಷ್ಟು ತಿಂಗಳು ಅಂತ ಹೇಳು." ನನ್ನ ಹತ್ತಿರ ಉತ್ತರ ಇರಲಿಲ್ಲ. ಕನಸಿಗೆ ತಿಂಗಳ ಲೆಕ್ಕ ಹಾಕುವುದು ಅವಮಾನ ಅನಿಸಿತು. ಅಕ್ಕ ಬಿಡಲಿಲ್ಲ. ಕೊನೆಗೆ 24 ತಿಂಗಳು ಅಂದೆ. ಅವಳು ಒಂದು ಉದ್ದನೆಯ ನೋಟ್‌ಬುಕ್ ತಂದು, ನನ್ನ ಪಾಲಿನ ಬಾಡಿಗೆ, ಊಟ, ಓಡಾಟ ಎಲ್ಲ ತಿಂಗಳಿಗೊಂದು ಸಾಲಿನಂತೆ ಬರೆಯಲು ಶುರುಮಾಡಿದಳು. ಕಳೆದ ಮೂರು ತಿಂಗಳದ್ದೂ ಸೇರಿಸಿ. "ದುಡಿಯೋಕೆ ಶುರು ಮಾಡಿದ ಮೇಲೆ ಕೊಡು. ಅಲ್ಲೀವರೆಗೆ ಕೇಳಲ್ಲ" ಅಂದಳು.

ಆಗ ಬೇಜಾರಾಗಿತ್ತು. ಈಗ ಅನಿಸುತ್ತದೆ, ನನ್ನನ್ನು ಉಳಿಸಿದ್ದು ಆ ಲೆಕ್ಕವೇ. ಸುಮ್ನೆ ಇಟ್ಟುಕೊಂಡಿದ್ದರೆ ನಾನು ದಿನಾ ಅವಳ ಮುಖ ನೋಡಿ ಕುಗ್ಗುತ್ತಿದ್ದೆ. ಸಾಲ ಅಂತ ಆದ ಮೇಲೆ ತಲೆ ಎತ್ತಿ ಓಡಾಡಿದೆ.

ಸಿನಿಮಾದವರ ತಾಳ್ಮೆಯ ಕಥೆಗಳನ್ನು ಹೇಳುವಾಗ ನಾವು ಇದನ್ನು ಬಿಟ್ಟುಬಿಡುತ್ತೇವೆ. ಆ ತಾಳ್ಮೆಗೆ ಯಾರೋ ಬಾಡಿಗೆ ಕಟ್ಟುತ್ತಿರುತ್ತಾರೆ. ತೈವಾನಿನ ನಿರ್ದೇಶಕ ಆಂಗ್ ಲೀ ಸಿನಿಮಾ ಓದು ಮುಗಿಸಿದ ಮೇಲೆ ಸುಮಾರು ಆರು ವರ್ಷ ಹೇಳಿಕೊಳ್ಳುವಂಥ ಕೆಲಸ ಇಲ್ಲದೆ ಇದ್ದರು. ಅಡುಗೆ ಮಾಡುತ್ತಿದ್ದರು, ಮಗುವನ್ನು ನೋಡಿಕೊಳ್ಳುತ್ತಿದ್ದರು, ಚಿತ್ರಕಥೆ ಬರೆಯುತ್ತಿದ್ದರು. ಮನೆ ನಡೆದದ್ದು ವಿಜ್ಞಾನಿಯಾಗಿದ್ದ ಹೆಂಡತಿ ಜೇನ್ ಲಿನ್ ಅವರ ಸಂಬಳದಲ್ಲಿ. 1990ರಲ್ಲಿ ತೈವಾನ್ ಸರ್ಕಾರದ ಚಿತ್ರಕಥೆ ಸ್ಪರ್ಧೆಯಲ್ಲಿ ಆಂಗ್ ಲೀ ಬರೆದ ಎರಡಕ್ಕೆ ಬಹುಮಾನ ಬಂತು. ಮರುವರ್ಷ ಮೊದಲ ಸಿನಿಮಾ ಬಂತು. ಇದನ್ನು ಆಂಗ್ ಲೀ ಛಲದ ಕಥೆ ಅಂತ ಹೇಳುತ್ತೇವೆ. ನನಗೆ ಜಾಸ್ತಿ ನೆನಪಾಗುವುದು ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತಿದ್ದ ಜೇನ್ ಲಿನ್.

ಸತ್ಯಜಿತ್ ರೇ ಅವರದು ಇನ್ನೊಂದು ದಾರಿ. ಅವರು ಜಾಹೀರಾತು ಸಂಸ್ಥೆಯ ಕೆಲಸ ಬಿಡದೆಯೇ 1952ರಲ್ಲಿ 'ಪಥೇರ್ ಪಾಂಚಾಲಿ' ಚಿತ್ರೀಕರಣ ಶುರುಮಾಡಿದರು. ರಜೆಯ ದಿನ ಶೂಟಿಂಗ್. ಬಿಳಿ ಹೂಬಿಟ್ಟ ಕಾಶ್ ಹುಲ್ಲಿನ ಬಯಲಿನಲ್ಲಿ ಒಂದು ದಿನ ಚಿತ್ರೀಕರಿಸಿ, ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು. ಮತ್ತೆ ಹೂ ಬಿಡುವ ಕಾಲಕ್ಕೆ ಕಾಯಬೇಕಾಯಿತು. ದುಡ್ಡು ಮುಗಿಯಿತು, ಹೆಂಡತಿಯ ಒಡವೆ ಗಿರವಿಗೆ ಹೋಯಿತು, ತಿಂಗಳುಗಟ್ಟಲೆ ಶೂಟಿಂಗ್ ನಿಂತಿತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟು 1955ರಲ್ಲಿ ಸಿನಿಮಾ ಬಂತು. ಕಂಟಿನ್ಯುಟಿ ಮಾಡುವವನಾಗಿ ನನಗೆ ಮೈ ಜುಮ್ಮೆನ್ನುವುದು ಬೇರೆ ವಿಷಯಕ್ಕೆ. ಅಷ್ಟು ಕಾಲದಲ್ಲಿ ಕಥೆಯ ಹುಡುಗ ಅಪುವಿನ ದನಿ ಒಡೆಯಲಿಲ್ಲ, ಅವನ ಅಕ್ಕ ದುರ್ಗಾ ಬೆಳೆದು ದೊಡ್ಡವಳಾಗಲಿಲ್ಲ, ಮುದುಕಿ ಇಂದಿರ್ ಠಾಕ್ರುಣ್ ಪಾತ್ರ ಮಾಡಿದವರು ತೀರಿಕೊಳ್ಳಲಿಲ್ಲ. ಈ ಮೂರನ್ನೂ ಪವಾಡ ಅಂತ ರೇ ಅವರೇ ಆಮೇಲೆ ಹೇಳಿಕೊಂಡಿದ್ದರು. ಯಾವ ಪುಸ್ತಕದಲ್ಲಿ ಬರೆದಿಟ್ಟರೂ ಹಿಡಿದಿಡಲು ಆಗದ ಸಂಗತಿಗಳು ಅವು.

ಬೇರೆ ಕೆಲಸ ಇಟ್ಟುಕೊಂಡು ಸಿನಿಮಾ ಮಾಡುವವರನ್ನು "ಇವರಿಗೆ ಪೂರ್ತಿ ಮನಸ್ಸಿಲ್ಲ" ಅಂತ ಹೇಳುವವರು ಇದ್ದಾರೆ. ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಹೊಟ್ಟೆಪಾಡಿನ ಚಿಂತೆ ಇಲ್ಲದವನು ಚೆನ್ನಾಗಿ ಬರೆಯುತ್ತಾನೆ, ಕೆಟ್ಟ ಕೆಲಸಕ್ಕೆ ಬೇಡ ಅನ್ನುತ್ತಾನೆ.

ಬೇಡ ಅನ್ನಲು ನನಗೆ ಬಹಳ ತಡವಾಗಿ ಬಂತು. ಆ ಖಾಲಿ ದಿನಗಳಲ್ಲೇ ಒಂದು ತಂಡ ಕರೆಯಿತು. ಮೂರು ತಿಂಗಳು ಲೊಕೇಷನ್ ನೋಡಿದೆ, ಸೀನ್ ಬಿಡಿಸಿ ಪಟ್ಟಿ ಮಾಡಿದೆ, ಶೆಡ್ಯೂಲ್ ಹಾಕಿದೆ. ದುಡ್ಡಿನ ಮಾತು ಎತ್ತಿದಾಗಲೆಲ್ಲ "ಶೂಟಿಂಗ್ ಶುರುವಾಗಲಿ, ನಿನ್ನದೆಲ್ಲ ಸೆಟ್ಲ್ ಮಾಡ್ತೀವಿ" ಅನ್ನುತ್ತಿದ್ದರು. ಶೂಟಿಂಗ್ ಶುರುವಾಗಲೇ ಇಲ್ಲ. ಆಮೇಲೆ ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಅಕ್ಕನ ಪುಸ್ತಕದಲ್ಲಿ ಆ ಮೂರು ತಿಂಗಳ ಓಡಾಟದ ಖರ್ಚು ಉಳಿದೆಲ್ಲ ತಿಂಗಳಿಗಿಂತ ಜಾಸ್ತಿ ಇದೆ.

ಆದ್ದರಿಂದ ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ. ಸಂಬಳ ಕಮ್ಮಿ ಇರಲಿ, ಪರವಾಗಿಲ್ಲ. ಎಷ್ಟು, ಯಾವಾಗ ಅನ್ನುವುದು ಒಂದು ಮೆಸೇಜ್‌ನಲ್ಲಾದರೂ ಬರಹದಲ್ಲಿ ಇರಲಿ. ಕೊನೆಗೆ ಒಟ್ಟಿಗೆ ಅಂದರೆ ಒಪ್ಪಬೇಡಿ. ಶೆಡ್ಯೂಲ್ ಶೆಡ್ಯೂಲ್‌ಗೆ, ಅಂದರೆ ಶೂಟಿಂಗಿನ ಒಂದೊಂದು ಕಂತಿಗೆ, ಇಷ್ಟಿಷ್ಟು ಅಂತ ಕೇಳಿ. ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ಇರುತ್ತದೆ, ಗೊತ್ತು. ಕೇಳಿದ್ದಕ್ಕೆ ಹೋಗುವ ಕೆಲಸದಲ್ಲಿ ಮುಂದೆ ದುಡ್ಡು ಬರುವುದೂ ಕಷ್ಟವೇ. "ಅನುಭವ ಸಿಗುತ್ತೆ" ಅಂತ ಪುಕ್ಕಟೆ ದುಡಿಸಿಕೊಳ್ಳುವವರು ಮನೆಯಲ್ಲಿ ಕಾಸಿಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಿದ್ದಾರೆ. ಹೀಗೆ ಹೊರಗುಳಿದವರ ಕಥೆಗಳು ನಮಗೆ ಸಿಗಲೇ ಇಲ್ಲ. ಇದನ್ನು ನೆನೆದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ನನ್ನ ಜೊತೆ ಶುರುಮಾಡಿದವರಲ್ಲಿ ಒಬ್ಬ ಗೆಳೆಯ ಸೌಂಡ್ ವಿಭಾಗದಲ್ಲಿದ್ದ. ಪ್ರತಿ ಜಾಗದಲ್ಲೂ ಶೂಟಿಂಗ್ ಮುಗಿದ ಮೇಲೆ ಆ ಕೋಣೆಯ ಮೌನವನ್ನು ಅರ್ಧ ನಿಮಿಷ, ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ಖಾಲಿ ಜಾಗ ತುಂಬಲು ಅದು ಬೇಕು. ಆಗ ಇಡೀ ಯೂನಿಟ್ ಇದ್ದಲ್ಲೇ ಅಲ್ಲಾಡದೆ ನಿಲ್ಲಬೇಕು. ಅವನು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ನಿಂತು, "ಯಾರದೋ ವಾಚ್ ಸದ್ದು ಮಾಡ್ತಿದೆ" ಅನ್ನುತ್ತಿದ್ದ. ನಿಜವಾಗಿಯೂ ಮಾಡುತ್ತಿರುತ್ತಿತ್ತು. ಅಂಥ ಕಿವಿ. ಎರಡನೇ ವರ್ಷ ಅವನು ಬಿಟ್ಟುಹೋದ. ಮನೆಯಲ್ಲಿ ಕಾಯಿಲೆ, ಸಾಲ, ತಿಂಗಳ ತಿಂಗಳ ದುಡ್ಡು ಬೇಕಿತ್ತು. ಈಗ ಬೇರೆ ಕೆಲಸದಲ್ಲಿದ್ದಾನೆ, ನೆಮ್ಮದಿಯಾಗಿದ್ದಾನೆ. ಅವನು ಸೋತ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವನಿಗೆ ನನ್ನಂಥ ಅಕ್ಕ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಪ್ರತಿಭೆಯಲ್ಲಿ ಅವನು ನನಗಿಂತ ಎಷ್ಟೋ ಮುಂದಿದ್ದ.

ಆ ತಿಂಗಳುಗಳಲ್ಲಿ ನಾನು ಏನು ಮಾಡಿದೆ? ಮೊದಲ ಆರು ತಿಂಗಳು ಹಾಳುಮಾಡಿಕೊಂಡೆ. ಫೋನ್ ನೋಡುತ್ತಾ ಕೂತೆ. ಆಮೇಲೆ ಧೈರ್ಯ ಮಾಡಿ, ಆ ತೋಳಿನ ತಪ್ಪು ಕಂಡುಹಿಡಿದ ಎಡಿಟರ್ ಹತ್ತಿರವೇ ಹೋದೆ. "ಮೇಡಂ, ಪಕ್ಕದಲ್ಲಿ ಕೂತು ನೋಡ್ತೀನಿ. ತೊಂದರೆ ಕೊಡಲ್ಲ" ಅಂದೆ. ಅವರು ಒಂದು ನಿಮಿಷ ಯೋಚಿಸಿ, "ಸುಮ್ನೆ ನೋಡೋದು ಬೇಡ. ಫುಟೇಜ್ ಲಾಗ್ ಮಾಡು" ಅಂದರು. ಯಾವ ಟೇಕ್‌ನಲ್ಲಿ ಏನಿದೆ, ಎಲ್ಲಿ ಫೋಕಸ್ ಹೋಗಿದೆ, ಯಾವ ಸಾಲು ಚೆನ್ನಾಗಿ ಬಂದಿದೆ ಅಂತ ಪಟ್ಟಿ ಮಾಡುವುದು. ಅದಕ್ಕೆ ಸಣ್ಣ ಮೊತ್ತ ಅಂತಾದರೂ ಕೊಡುತ್ತಿದ್ದರು, ಹೇಳಿದ ದಿನ ಕೊಡುತ್ತಿದ್ದರು. ಅಕ್ಕನಿಗೆ ಕೊಡಲು ಹೋದರೆ ಬೇಡ ಅಂದಳು. ಅದು ನನ್ನ ಓಡಾಟಕ್ಕೇ ಸರಿಹೋಗುತ್ತಿತ್ತು.

ಆ ಕೋಣೆಯಲ್ಲಿ ಕಲಿತದ್ದನ್ನು ಯಾವ ಸೆಟ್‌ನಲ್ಲೂ ಕಲಿತಿಲ್ಲ. ನಿರ್ದೇಶಕರು ಸೆಟ್‌ನಲ್ಲಿ ಕುಣಿದಾಡಿ ಓಕೆ ಮಾಡಿದ ಟೇಕ್ ಇಲ್ಲಿ ಸಪ್ಪೆ ಅನಿಸುತ್ತದೆ. ಯಾರೂ ಗಮನಿಸದ ಟೇಕ್‌ನಲ್ಲಿ ನಟಿ ಮಾತು ಮುಗಿಸಿ ಸುಮ್ಮನೆ ಒಮ್ಮೆ ಕೆಳಗೆ ನೋಡಿರುತ್ತಾರೆ, ಇಡೀ ದೃಶ್ಯ ಅದರಿಂದ ನಿಲ್ಲುತ್ತದೆ. ಮೇಡಂ ಒಂದು ದೃಶ್ಯ ಕಟ್ಟಿದ ಮೇಲೆ ಧ್ವನಿ ಪೂರ್ತಿ ತೆಗೆದು ನೋಡುತ್ತಿದ್ದರು. "ಮಾತಿಲ್ಲದೆ ಅರ್ಥ ಆದ್ರೆ ಕಟ್ ಸರಿ ಇದೆ ಅಂತ" ಅನ್ನುತ್ತಿದ್ದರು. ನಾನು ಮನೆಯಲ್ಲೂ ಅದನ್ನೇ ಮಾಡತೊಡಗಿದೆ. ದಿನಕ್ಕೊಂದು ದೃಶ್ಯ, ಧ್ವನಿ ಇಲ್ಲದೆ, ಪೆನ್ನು ಹಿಡಿದು. ಎಲ್ಲಿ ಕಟ್ ಆಯಿತು, ಯಾಕೆ ಅಲ್ಲೇ ಆಯಿತು. ಇದಕ್ಕೆ ಯಾರ ಅನುಮತಿಯೂ ಬೇಡ, ಯಾರ ಫೋನೂ ಬರಬೇಕಿಲ್ಲ.

ಮುಂದಿನ ಸಿನಿಮಾ ಬಂದದ್ದು ಆ ಕೋಣೆಯಿಂದಲೇ. ಒಬ್ಬ ನಿರ್ದೇಶಕರು ಮೇಡಂ ಹತ್ತಿರ ಕಂಟಿನ್ಯುಟಿಗೆ ಒಬ್ಬರು ಬೇಕು ಅಂತ ಕೇಳಿದಾಗ ನಾನು ಪಕ್ಕದ ಕುರ್ಚಿಯಲ್ಲಿದ್ದೆ. "ಇವನಿದಾನೆ. ಒಂದು ಸಲ ತಪ್ಪು ಮಾಡಿದಾನೆ, ಇನ್ನು ಮಾಡಲ್ಲ" ಅಂದರು ಅವರು. ಆಮೇಲಿನ ಕೆಲಸಗಳೂ ಬಹುಪಾಲು ಹೀಗೇ ಬಂದವು. ಮೊದಲ ದಿನ ಮೆತ್ತಗೆ ತಟ್ಟು ಅಂದ ಕ್ಯಾಮೆರಾ ಅಸಿಸ್ಟೆಂಟ್ ವರ್ಷಗಳ ನಂತರ ಕ್ಯಾಮೆರಾಮನ್ ಆಗಿ ತಮ್ಮ ಸಿನಿಮಾಗೆ ನನ್ನನ್ನು ಕರೆದರು. ದೊಡ್ಡವರ ಪರಿಚಯ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕೆಲಸ ಕೊಡಿಸಿದವರು ನನ್ನ ಜೊತೆ ನಿಂತು ಕೆಲಸ ಮಾಡಿದವರು.

ಆ ಎರಡನೇ ಸಿನಿಮಾದ ದುಡ್ಡು ಬರತೊಡಗಿದ ಮೇಲೆ ಅಕ್ಕನ ಹತ್ತಿರ ನೋಟ್‌ಬುಕ್ ಕೇಳಿದೆ. ಅವಳು ಬೀರುವಿನಿಂದ ತೆಗೆದು ಕೊಟ್ಟಳು. ನಾನು ಕೂಡಿಸುತ್ತಾ ಹೋದೆ. ಹದಿನಾಲ್ಕು ಸಾಲು. ಹದಿನೈದನೆಯದು ಖಾಲಿ. ಮುಂದಿನ ಪುಟವೂ ಖಾಲಿ.

"ಇಷ್ಟೇನಾ?" ಅಂದೆ.

"ಹೂಂ. ಆಮೇಲೆ ನಿನ್ನ ಶೂಟಿಂಗ್ ಶುರುವಾಯ್ತಲ್ಲ" ಅಂದಳು.

ದಿನಾಂಕ ನೆನಪಿಟ್ಟುಕೊಳ್ಳುವುದೇ ನನ್ನ ಕೆಲಸ. ನನ್ನ ಡೈರಿಯಲ್ಲಿ ಎರಡನೇ ಸಿನಿಮಾದ ಮೊದಲ ದಿನ ಬರೆದಿತ್ತು. ಅದು ಇಪ್ಪತ್ತನೇ ತಿಂಗಳು. ನಡುವೆ ಐದು ತಿಂಗಳು ಅವಳು ಕಟ್ಟಿದ್ದಳು, ಬರೆದಿರಲಿಲ್ಲ. ಹದಿನಾಲ್ಕರ ಮುಂದಿನ ಆ ತಿಂಗಳುಗಳಲ್ಲೇ ನಾನು ಪೂರ್ತಿ ಕುಸಿದಿದ್ದೆ, ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ತಪ್ಪು ಕಂಡರೆ ತಕ್ಷಣ ಹೇಳಬೇಕು ಅಂತ ನನಗೆ ಕಲಿಸಿದ್ದಾರೆ. ಆವತ್ತು ಹೇಳಲಿಲ್ಲ. ಹತ್ತೊಂಬತ್ತು ತಿಂಗಳ ಲೆಕ್ಕ ಹಾಕಿ ಕವರಿನಲ್ಲಿಟ್ಟು ಕೊಟ್ಟೆ. ಅಕ್ಕ ಎಣಿಸಲಿಲ್ಲ. ಹಾಗೇ ನೋಟ್‌ಬುಕ್ಕಿನ ಖಾಲಿ ಪುಟದೊಳಗೆ ಇಟ್ಟು ಬೀರು ಮುಚ್ಚಿದಳು.